ಸ್ಯಾಂಡರ್ ಬದಲಿಸುವ ಮುನ್ನ



ಆಯುಧಪೂಜೆ ಹತ್ತಿರ ಬಂತೆಂದರೆ ಹಾರ್ಡ್‌ವೇರ್ ಅಂಗಡಿಗಳ ಮುಂದೆ ‘ಹಳೆಯದು ಕೊಡಿ, ಹೊಸದು ಒಯ್ಯಿರಿ’ ಎಂಬ ಬೋರ್ಡು ನಿಲ್ಲುತ್ತದೆ. ಡ್ರಿಲ್, ಕಟರ್, ರೂಟರ್, ಸ್ಯಾಂಡರ್, ಎಲ್ಲಕ್ಕೂ ಎಕ್ಸ್‌ಚೇಂಜ್. ಇವುಗಳಲ್ಲಿ ಬದಲಿಸಲೋ ಬೇಡವೋ ಎಂದು ಬಡಗಿಯ ತಲೆ ಹೆಚ್ಚು ತಿನ್ನುವುದು ಸ್ಯಾಂಡರ್, ಅಂದರೆ ಮರ ಉಜ್ಜುವ ಯಂತ್ರ. ಡ್ರಿಲ್ ಕೆಟ್ಟರೆ ತೂತು ಬೀಳುವುದಿಲ್ಲ. ಕಟರ್ ಸೋತರೆ ಮರ ಕರಕಲಾಗಿ ವಾಸನೆ ಬರುತ್ತದೆ. ಸ್ಯಾಂಡರ್ ಮಾತ್ರ ಸೋಲುತ್ತ ಸೋಲುತ್ತಲೇ ವರ್ಷಗಟ್ಟಲೆ ಓಡುತ್ತಿರುತ್ತದೆ. ಹಿಂದೆ ಅರ್ಧ ಗಂಟೆಗೆ ಮುಗಿಯುತ್ತಿದ್ದ ಬಾಗಿಲಿಗೆ ಈಗ ಒಂದು ಗಂಟೆ ಹಿಡಿಯುತ್ತದೆ. ಕೆಲಸಗಾರ ‘ಈ ಸಲದ ಮರ ಗಡಸು’ ಅಂದುಕೊಂಡು ಸುಮ್ಮನಾಗುತ್ತಾನೆ.

ಐಟಿಐಯಲ್ಲಿ ಬಡಗಿ ವೃತ್ತಿ ಕಲಿಸಿದವನು ನಾನು. ಕಲಿತು ಹೋದ ಹುಡುಗರು ಈಗ ತಮ್ಮದೇ ಅಂಗಡಿ ಇಟ್ಟುಕೊಂಡಿದ್ದಾರೆ. ಹೊಸ ಯಂತ್ರ ಕೊಳ್ಳುವ ಮುಂಚೆ ಫೋನು ಮಾಡುತ್ತಾರೆ. ವ್ಯಾಟ್ ಎಷ್ಟು, ಮಾಡೆಲ್ ಯಾವುದು, ವಾರಂಟಿ ಎಷ್ಟು ತಿಂಗಳು ಎಂಬುದೇ ಅವರ ಮಾತು. ನಾನು ಕೇಳುವುದು ಬೇರೆ. ಉಜ್ಜಿದಾಗ ಏಳುವ ಧೂಳು ಎಲ್ಲಿಗೆ ಹೋಗುತ್ತಿದೆ? ಸಂಜೆ ಕೆಲಸ ಬಿಟ್ಟ ಮೇಲೆ ಬೆರಳು ಜೋಮು ಹಿಡಿಯುತ್ತದೆಯೇ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಹಳೆಯದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಮುಕ್ಕಾಲು ಪಾಲು ತೀರ್ಮಾನವಾದ ಹಾಗೆಯೇ. ಯಂತ್ರದ ವಯಸ್ಸು ಆ ತೀರ್ಮಾನದಲ್ಲಿ ಬಹಳ ಹಿಂದೆ ಬರುತ್ತದೆ.

ಮರವನ್ನು ನುಣುಪು ಮಾಡುವ ವಿದ್ಯೆ ಯಂತ್ರಕ್ಕಿಂತ ಎಷ್ಟೋ ಹಳೆಯದು. ಗರಗತ್ತಿ ಮರದ ಎಲೆ ಮುಟ್ಟಿದವರಿಗೆ ಅದರ ಒರಟು ಗೊತ್ತು. ಆ ಎಲೆಯಿಂದಲೇ ಮರ, ದಂತ ಉಜ್ಜುತ್ತಿದ್ದರು. ಚನ್ನಪಟ್ಟಣದ ಆಟಿಕೆಗಳಿಗೆ ಅರಗು ಬಳಿದ ಮೇಲೆ ಹೊಳಪು ತರಲು ಒಣಗರಿಯನ್ನು ಒತ್ತಿ ಹಿಡಿಯುವ ಪದ್ಧತಿ ಇಂದಿಗೂ ಇದೆ. ಆಮೇಲೆ ಉಪ್ಪುಕಾಗದ ಬಂತು. ಕೈಯಲ್ಲಿ ಹಿಡಿದು ಓಡಿಸುವ ಬೆಲ್ಟ್ ಸ್ಯಾಂಡರನ್ನು ಅಮೆರಿಕದ ಪೋರ್ಟರ್-ಕೇಬಲ್ ಕಂಪನಿಯ ಆರ್ಟ್ ಎಮನ್ಸ್ ರೂಪಿಸಿದ್ದು 1926ರಲ್ಲಿ. ಅಲ್ಲಿಂದೀಚೆಗೆ ಕಾಗದ ಹೇಗೆ ಚಲಿಸಬೇಕು ಎಂಬುದರ ಸುತ್ತ ಬಹಳ ಬದಲಾವಣೆ ನಡೆದಿದೆ.

ನಮ್ಮ ಕಡೆಯ ಅಂಗಡಿಗಳಲ್ಲಿ ಎರಡು ಬಗೆಯ ಸ್ಯಾಂಡರ್ ಹೆಚ್ಚು. ಒಂದು ಚೌಕಾಕಾರದ್ದು. ಅಂಗಡಿಯಲ್ಲಿ ಸಿಗುವ ಮಾಮೂಲಿ ಹಾಳೆಯನ್ನು ಮೂರು ಪಾಲೋ ನಾಲ್ಕು ಪಾಲೋ ಮಾಡಿ ಎರಡು ಕಡೆ ಕ್ಲಿಪ್ಪಿಗೆ ಸಿಕ್ಕಿಸಿದರೆ ಆಯಿತು. ಅದರ ತಳ ಸಣ್ಣ ಸಣ್ಣ ವೃತ್ತ ಹೊಡೆಯುತ್ತದೆ, ಆದರೆ ತಾನು ತಿರುಗುವುದಿಲ್ಲ. ದೋಸೆ ಕಾವಲಿಗೆ ಅರ್ಧ ಈರುಳ್ಳಿಯಿಂದ ಎಣ್ಣೆ ಸವರುವಾಗ ಕೈ ಸುತ್ತುತ್ತದೆ, ಈರುಳ್ಳಿ ಕೈಯಲ್ಲಿ ತಿರುಗುವುದಿಲ್ಲ, ಅದೇ ಚಲನೆ. ಇನ್ನೊಂದು ದುಂಡನೆಯದು, ರ‍್ಯಾಂಡಮ್ ಆರ್ಬಿಟ್. ಇದರ ತಳ ಹಾಗೆ ಸಣ್ಣ ವೃತ್ತ ಹೊಡೆಯುತ್ತಲೇ ತಾನೂ ನಿಧಾನವಾಗಿ ತಿರುಗುತ್ತದೆ. ಹಾಗಾಗಿ ಒಂದು ಕಣ ಹೋದ ದಾರಿಯಲ್ಲೇ ಇನ್ನೊಂದು ಕಣ ಹೋಗುವುದು ಅಪರೂಪ. ಗೀರುಗಳು ಒಂದರ ಮೇಲೊಂದು ಹಾಯ್ದು ಕಣ್ಣಿಗೆ ಬೀಳದಂತಾಗುತ್ತವೆ. ಸಾಮಾನ್ಯ 125 ಮಿಲಿಮೀಟರ್ ಪ್ಯಾಡಿನ ಯಂತ್ರದಲ್ಲಿ ಆ ವೃತ್ತದ ಅಗಲ ಎರಡೂವರೆಯಿಂದ 3 ಮಿಲಿಮೀಟರ್. ಬೇಗ ಕೀಳಬೇಕಾದ ಕೆಲಸಕ್ಕೆ 5 ಮಿಲಿಮೀಟರಿನದೂ ಉಂಟು. ನಿಮಿಷಕ್ಕೆ 12,000 ಸುತ್ತಿನವರೆಗೂ ಓಡುತ್ತದೆ.

ಚೌಕದ್ದನ್ನು ಕೊಟ್ಟು ದುಂಡನೆಯದನ್ನು ತರುವ ಯೋಚನೆ ಇರುವವರಿಗೆ ಇಲ್ಲಿಯೇ ಒಂದು ಮಾತು. ಅದು ಬದಲಿ ಅಲ್ಲ. ಪ್ಯಾನಲ್ ಬಾಗಿಲಿನ ಒಳಮೂಲೆಗೆ, ಡ್ರಾಯರಿನ ಒಳಗಂಚಿಗೆ ದುಂಡನೆಯ ಪ್ಯಾಡು ತಲುಪುವುದಿಲ್ಲ. ಚೌಕದ್ದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಬಂದವರು ಆಮೇಲೆ ಮೂಲೆಗಳನ್ನೆಲ್ಲ ಕೈಯಲ್ಲಿ ಉಜ್ಜುತ್ತ ಕೂರಬೇಕಾಗುತ್ತದೆ.

ಈಗ ಧೂಳಿನ ವಿಚಾರ. ಇಂದು ಹೆಚ್ಚು ಹೊತ್ತು ಇದಕ್ಕೇ ಕೊಡುತ್ತೇನೆ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇಲ್ಲವೆಂದು ನಾನು ನಂಬಿದ್ದೇನೆ.

ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರಿನಲ್ಲಿ ಹೈ ವಿಕಮ್ ಎಂಬ ಊರಿದೆ. ಸುತ್ತ ಬೀಚ್ ಮರದ ಕಾಡು, ಆಗ ಊರ ತುಂಬ ಕುರ್ಚಿ ಕಾರ್ಖಾನೆಗಳಿದ್ದವು. 1960ರ ದಶಕದಲ್ಲಿ ಅಲ್ಲಿ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್ ಒಂದು ಸಂಗತಿ ಗಮನಿಸಿದರು. ಮೂಗಿನ ಒಳಗೆ ಬೆಳೆಯುವ, ಸಾಮಾನ್ಯರಲ್ಲಿ ಬಹಳ ಅಪರೂಪವಾದ ಒಂದು ಜಾತಿಯ ಕ್ಯಾನ್ಸರ್ ಆ ಊರಿನಲ್ಲಿ ಮತ್ತೆ ಮತ್ತೆ ಕಾಣಿಸುತ್ತಿತ್ತು. ಅದು ಬಂದವರು ಹೆಚ್ಚಾಗಿ ಪೀಠೋಪಕರಣದ ಕೆಲಸಗಾರರು. ಹ್ಯಾಡ್‌ಫೀಲ್ಡ್, ಏಚೆಸನ್, ಕೌಡೆಲ್, ಮ್ಯಾಕ್‌ಬೆತ್ ಸೇರಿ 1968ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದರು. ಕೈ ತೋರಿದ್ದು ಮರದ ಧೂಳಿನ ಕಡೆಗೆ. ಧೂಳು ಕುಡಿದ ಎಷ್ಟೋ ದಶಕಗಳ ಮೇಲೆ ಬರುವ ಕಾಯಿಲೆ ಅದು. ಹೀಗಾಗಿ ಕೆಲಸ ಮಾಡುವ ವಯಸ್ಸಿನಲ್ಲಿ ಯಾರಿಗೂ ಅನುಮಾನ ಹುಟ್ಟುವುದಿಲ್ಲ. 1995ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆಯೂ ಅದೇ ಗುಂಪಿನಲ್ಲಿದೆ.

ಎಷ್ಟು ಧೂಳು ಹೆಚ್ಚು? ಯುರೋಪಿನಲ್ಲಿ ಗಟ್ಟಿಮರದ ಧೂಳಿಗೆ 2023ರಿಂದ ಇರುವ ಮಿತಿ, ಕೆಲಸದ ದಿನದ ಸರಾಸರಿಯಾಗಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ. ಇದನ್ನು ನಮ್ಮ ಅಂಗಡಿಯ ಅಳತೆಗೆ ತಂದು ನೋಡಿ. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಅದರಲ್ಲಿ 68 ಮಿಲಿಗ್ರಾಂ ಧೂಳು ತೇಲುತ್ತಿದ್ದರೆ ಮಿತಿ ಮುಟ್ಟಿತು. ಎರಡು ಬೆರಳಲ್ಲಿ ಎತ್ತಿದ ಒಂದು ಚಿಟಿಕೆ ಉಪ್ಪಿನಷ್ಟೂ ಅಲ್ಲ. ನೆಲದ ಮೇಲೆ ರಾಶಿ ಬಿದ್ದಿರುವ ಹೊಟ್ಟು ನೋಡಿ ಹೆದರಬೇಕಾದದ್ದಿಲ್ಲ, ಅದು ಬಿದ್ದಾಯಿತು. ಹೆದರಬೇಕಾದದ್ದು ಬೀಳದೆ ಉಳಿದ ನುಣ್ಣನೆಯ ಹುಡಿಗೆ. ಸ್ಯಾಂಡರ್ ಮಾಡುವುದು ಅದನ್ನೇ. ಹತ್ತರಿ ಹೊಡೆದರೆ ಸುರುಳಿ ಬರುತ್ತದೆ, ಗರಗಸದಲ್ಲಿ ಹೊಟ್ಟು ಬರುತ್ತದೆ, ಸ್ಯಾಂಡರಿನಲ್ಲಿ ಬರುವುದು ಹೊಗೆಯಂಥ ಪುಡಿ. ಯಂತ್ರದ ಜೊತೆ ಕೊಡುವ ಬಟ್ಟೆಚೀಲ ದಪ್ಪ ಕಣವನ್ನು ಹಿಡಿದಿಟ್ಟುಕೊಂಡು ಈ ನುಣ್ಣನೆಯದನ್ನು ನೇಯ್ಗೆಯ ಸಂದಿಯಿಂದ ಹೊರಗೆ ಬಿಡುತ್ತದೆ, ಅದೂ ಕೆಲಸಗಾರನ ಎದೆಯ ಎತ್ತರಕ್ಕೆ.

ನಮ್ಮ ಮರಗಳಲ್ಲೂ ಬೇರೆ ಬೇರೆ ಗುಣಗಳಿವೆ. ಸಾಗುವಾನಿ ಮತ್ತು ಬೀಟೆ ಉಜ್ಜಿದವರಲ್ಲಿ ಕೆಲವರಿಗೆ ಮುಂಗೈ, ಕುತ್ತಿಗೆ ಕೆಂಪೇರಿ ತುರಿಸುವುದುಂಟು. ಆ ಮರಗಳೊಳಗಿನ ರಾಸಾಯನಿಕಗಳೇ ಕಾರಣ. ಇನ್ನು ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಟ್ಟಿಲುಗಳನ್ನು ಉಜ್ಜಿ ಹೊಸದಾಗಿ ಪಾಲಿಶ್ ಮಾಡಿಕೊಡುವ ಕೆಲಸ ಈಗ ಬಹಳ ಬರುತ್ತಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ದಾಟಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದೆ ಬಳಿದ ಬಣ್ಣದಲ್ಲಿ ಸೀಸ ಇದ್ದೀತು ಎಂದೇ ತಿಳಿದು ನಡೆಯಬೇಕು. ಅಂಥ ಬಾಗಿಲನ್ನು ಜಗಲಿಯ ಮೇಲೆ ಮಲಗಿಸಿ, ಬಟ್ಟೆಚೀಲದ ಸ್ಯಾಂಡರಿನಲ್ಲಿ ಉಜ್ಜಿದರೆ ಆ ಹುಡಿ ಅಂಗಳದಲ್ಲಿ ಆಡುವ ಮಗುವಿನ ಕೈಗೆ, ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಆ ಕೆಲಸಕ್ಕೆ ನಿಮ್ಮ ಯಂತ್ರ ಧೂಳು ಹಿಡಿಯುವುದಿಲ್ಲ ಎಂದಾದರೆ, ಅದು ನಿನ್ನೆ ಕೊಂಡದ್ದೇ ಇರಲಿ, ಬಳಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಾಗರದ ಹತ್ತಿರ ಅಂಗಡಿ ಇಟ್ಟಿರುವ ನನ್ನ ಶಿಷ್ಯನೊಬ್ಬ ಇದೇ ಎಕ್ಸ್‌ಚೇಂಜಿನ ವಿಷಯ ಎತ್ತಿದ.

“ಮೇಷ್ಟ್ರೇ, ಹಳೇ ಸ್ಯಾಂಡರ್ ಕೊಟ್ಟು ಬ್ರಷ್‌ಲೆಸ್ ತಗೊಂಡುಬಿಡ್ಲಾ? ಇದು ಧೂಳು ಬಹಳ ಮಾಡ್ತಿದೆ, ಕೈಯೂ ನಡುಗ್ತದೆ.”

“ತಗೊಳ್ಳೋದು ಇದ್ದಿದ್ದೇ ಕಣಪ್ಪಾ. ಕತ್ತಲಾದ ಮೇಲೆ ಬರ್ತೀನಿ. ದೀಪ ಆರಿಸಿ ಒಂದು ಸಲ ನೋಡೋಣ.”

ದೀಪ ಆರಿಸಿ ನೋಡುವುದು ಬ್ರಿಟನ್ನಿನ ಕಾರ್ಖಾನೆ ತಪಾಸಣೆಯವರು ಬಹುಕಾಲದಿಂದ ಬಳಸುವ ಉಪಾಯ. ಹಗಲಿನ ಬೆಳಕಿನಲ್ಲಿ ನುಣ್ಣನೆಯ ಧೂಳು ಕಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ಒಂದು ಜೋರು ಬೆಳಕಿನ ಟಾರ್ಚನ್ನು ಯಂತ್ರದ ಆಚೆ ಬದಿಯಿಂದ ಹಾಯಿಸಿ, ಟಾರ್ಚಿನ ಮುಖ ನೇರವಾಗಿ ಕಣ್ಣಿಗೆ ಹೊಡೆಯದಂತೆ ಮರೆ ಮಾಡಿ, ಈಚೆಯಿಂದ ನೋಡಬೇಕು. ಬೆಳಕಿನ ದಾರಿಯಲ್ಲಿ ಧೂಳು ಹೊಗೆಯ ಹಾಗೆ ಎದ್ದು ಕಾಣುತ್ತದೆ. ಎಲ್ಲಿಂದ ಏಳುತ್ತಿದೆ, ಎತ್ತ ಹೋಗುತ್ತಿದೆ, ಎಲ್ಲವೂ. ಖರ್ಚಿಲ್ಲದ ಪರೀಕ್ಷೆ, ಯಾರೂ ಮಾಡಬಹುದು.

ಹಲಸಿನ ಹಲಗೆಯೊಂದನ್ನು ಬೆಂಚಿಗೆ ಬಿಗಿದು ಶಿಷ್ಯ ಯಂತ್ರ ಹಚ್ಚಿದ. ಟಾರ್ಚಿನ ಬೆಳಕಿನಲ್ಲಿ ಎರಡು ಕಡೆ ಹೊಗೆ ಕಂಡಿತು. ಚೀಲದ ಮೈಯಿಂದ ಒಂದಿಷ್ಟು. ಅದಕ್ಕಿಂತ ದಟ್ಟವಾಗಿ ಪ್ಯಾಡಿನ ಅಂಚಿನ ಸುತ್ತ. ಯಂತ್ರ ನಿಲ್ಲಿಸಿ ಕಾಗದ ಕಿತ್ತು ನೋಡಿದೆವು. ಪ್ಯಾಡಿಗೆ 8 ತೂತು, ಕಾಗದಕ್ಕೂ 8 ತೂತು, ಆದರೆ ಒಂದಕ್ಕೊಂದು ಹೊಂದಿರಲಿಲ್ಲ. ಬಂಡಲಿನ ಅಗ್ಗದ ಕಾಗದದಲ್ಲಿ ತೂತುಗಳ ವೃತ್ತವೇ ಚಿಕ್ಕದಿತ್ತು. ಐದಾರು ತೂತು ಕಾಗದದ ಹಿಂದೆ ಮುಚ್ಚಿಹೋಗಿದ್ದವು. ಒಳಗಿನ ಫ್ಯಾನು ಎಳೆಯಲು ದಾರಿಯೇ ಇಲ್ಲದ ಮೇಲೆ ಧೂಳು ಅಂಚಿನಿಂದ ಹಾರದೆ ಇನ್ನೇನು ಮಾಡೀತು? ಚೀಲ ಕಿತ್ತು, ಅಂಗಡಿ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಸೈಕಲ್ ಟ್ಯೂಬಿನ ತುಂಡೊಂದರಿಂದ ಯಂತ್ರದ ಬಾಯಿಗೆ ಬಿಗಿದು, ತೂತು ಹೊಂದುವ ಕಾಗದ ಹಾಕಿ ಮತ್ತೆ ಓಡಿಸಿದೆವು. ಬೆಳಕಿನಲ್ಲಿ ಅಂಚಿನ ಹೊಗೆ ಬಹುಮಟ್ಟಿಗೆ ನಿಂತಿತ್ತು. ಆ ಪೈಪು, ಆ ಕಾಗದ ಇಲ್ಲದೆ ಇಪ್ಪತ್ತು ಪಟ್ಟು ಬೆಲೆಯ ಹೊಸ ಯಂತ್ರ ತಂದಿದ್ದರೂ ಧೂಳು ಇದ್ದಷ್ಟೇ ಇರುತ್ತಿತ್ತು.

ವ್ಯಾಕ್ಯೂಮಿನ ಬಗ್ಗೆ ಒಂದೆರಡು ಮಾತು ಸೇರಿಸಲೇಬೇಕು. ಯುರೋಪಿನ ಮಾನದಂಡದಲ್ಲಿ ಇವಕ್ಕೆ ಎಲ್, ಎಂ, ಎಚ್ ಎಂಬ ಮೂರು ದರ್ಜೆ. ಎಲ್ ದರ್ಜೆಯದು ಒಳಹೋದ ಧೂಳಿನಲ್ಲಿ ನೂರಕ್ಕೆ 1 ಪಾಲಿಗಿಂತ ಹೆಚ್ಚು ಹೊರಬಿಡಬಾರದು. ಎಂ ದರ್ಜೆಯದು ಸಾವಿರಕ್ಕೆ 1 ಪಾಲು. ಗಟ್ಟಿಮರ ಉಜ್ಜುವವರಿಗೆ ಎಂ ದರ್ಜೆ ಬೇಕು. ಅಷ್ಟು ದುಡ್ಡಿಲ್ಲದಿದ್ದರೆ ಮಾಮೂಲಿ ವ್ಯಾಕ್ಯೂಮಿಗೆ ಒಳ್ಳೆಯ ಫಿಲ್ಟರ್ ಮತ್ತು ಕಾಗದದ ಒಳಚೀಲ ಹಾಕಿ, ಆ ವ್ಯಾಕ್ಯೂಮನ್ನು ಬಾಗಿಲಾಚೆ ಇಟ್ಟು ಉದ್ದ ಪೈಪು ಎಳೆದುಕೊಳ್ಳಿ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಉಪಯೋಗವಿಲ್ಲ, ನುಣ್ಣನೆಯ ಹುಡಿ ಟವೆಲ್ಲಿನ ನೇಯ್ಗೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಎನ್-95 ಮಾಸ್ಕ್ ಈಗ ಪ್ರತಿ ಔಷಧದಂಗಡಿಯಲ್ಲೂ ಸಿಗುತ್ತದೆ. ಮೂಗಿನ ಮೇಲಿನ ತಂತಿ ಒತ್ತಿ ಹಾಕಿಕೊಳ್ಳಿ.

ಇನ್ನು ಕೈ ನಡುಕ. ಶಿಷ್ಯನ ಯಂತ್ರವನ್ನು ಪ್ಲಗ್ ಕಿತ್ತು ಬೋರಲು ಹಾಕಿ ಪ್ಯಾಡನ್ನು ಬೆರಳಲ್ಲಿ ತಿರುಗಿಸಿದೆ. ಕರಕರ ಎಂಬ ಸಣ್ಣ ಸದ್ದು, ಪಕ್ಕಕ್ಕೆ ಅಲುಗಾಡಿಸಿದರೆ ಆಟ. ಬೇರಿಂಗ್ ಹೋಗಿತ್ತು. ಯಂತ್ರವನ್ನು ಗಾಳಿಯಲ್ಲಿ ಎತ್ತಿ ಚಾಲೂ ಮಾಡಿದರೆ ಪ್ಯಾಡು ಹುಚ್ಚು ವೇಗದಲ್ಲಿ ಸುತ್ತುತ್ತಿತ್ತು. ಪ್ಯಾಡಿಗೂ ಮೈಗೂ ನಡುವೆ ಒಂದು ರಬ್ಬರಿನ ಬ್ರೇಕ್ ರಿಂಗ್ ಇರುತ್ತದೆ. ಎತ್ತಿ ಹಿಡಿದಾಗ ಪ್ಯಾಡು ವೇಗ ಹಿಡಿಯದಂತೆ ಅದು ತಡೆಯಬೇಕು. ಸವೆದರೆ ಹೀಗಾಗುತ್ತದೆ, ಆ ವೇಗದಲ್ಲಿ ಮರಕ್ಕೆ ಇಳಿಸಿದ ಕ್ಷಣ ಹಂದಿಬಾಲದಂಥ ಸುರುಳಿ ಗೀರು ಬೀಳುತ್ತದೆ. ಬರಿಗಣ್ಣಿಗೆ ಕಾಣದೆ, ಪಾಲಿಶ್ ಕುಡಿದ ಮೇಲೆ ಎದ್ದು ನಿಂತು ಮಾಲೀಕರ ಮುಂದೆ ಬಡಗಿಯ ಮಾನ ತೆಗೆಯುವುದು ಅದೇ ಗೀರು.

ಎಲ್ಲಕ್ಕಿಂತ ಮುಖ್ಯ ಪ್ಯಾಡು. ಮೂಲ ಪ್ಯಾಡು ಸವೆದಾಗ ಯಾರೋ ಅಗ್ಗದ ದಪ್ಪ ಪ್ಯಾಡು ಹಾಕಿಕೊಟ್ಟಿದ್ದರು. ಸ್ಯಾಂಡರಿನೊಳಗೆ ಒಂದು ಕಡೆ ಪ್ಯಾಡು ಕೇಂದ್ರ ಬಿಟ್ಟು ಸುತ್ತಿದರೆ, ಎದುರು ಕಡೆ ಲೋಹದ ತುಂಡೊಂದು ಸುತ್ತುತ್ತ ಅದನ್ನು ಸಮತೂಗಿಸುತ್ತದೆ. ಆ ತುಂಡಿನ ತೂಕವನ್ನು ಮೂಲ ಪ್ಯಾಡಿನ ಗ್ರಾಂ ಲೆಕ್ಕಕ್ಕೆ ಕೂರಿಸಿರುತ್ತಾರೆ. ಪ್ಯಾಡು ಭಾರವಾದರೆ ಸಮತೋಲ ತಪ್ಪಿ ನಿಮಿಷಕ್ಕೆ 12,000 ಸಲ ಆ ಹೊಡೆತ ಅಂಗೈಗೆ ಬರುತ್ತದೆ. ಯಂತ್ರ ಮುದಿಯಾಯಿತು ಎಂದು ಎಷ್ಟೋ ಜನ ಬಿಸಾಡುವುದು ಈ ಒಂದು ಪ್ಯಾಡಿನ ದೆಸೆಯಿಂದ. ಮೂಲ ಕಂಪನಿಯ ಪ್ಯಾಡು, ಬ್ರೇಕ್ ರಿಂಗ್, ಒಂದು ಜೊತೆ ಕಾರ್ಬನ್ ಬ್ರಷ್, ಎರಡು ಬೇರಿಂಗ್ ತರಿಸಿದೆವು. ಬೇರಿಂಗ್ ಕೊಳ್ಳುವಾಗ ನಂಬರ್ ಒಂದೇ ಹೇಳಿದರೆ ಸಾಲದು. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ತಗಡಿನ ಮುಚ್ಚಳದ್ದರೊಳಗೆ ಮರದ ಹುಡಿ ನುಗ್ಗಿ ಗ್ರೀಸನ್ನು ಒಣಗಿಸಿಬಿಡುತ್ತದೆ. ಎಲ್ಲ ಸೇರಿ ಹೊಸ ಯಂತ್ರದ ಬೆಲೆಯ ಕಾಲು ಪಾಲೂ ಆಗಲಿಲ್ಲ. ದಿನಕ್ಕೆ ಒಂದೂವರೆ, ಎರಡು ಗಂಟೆ ಉಜ್ಜುವ ಆತನಿಗೆ ಅದು ಸಾಕು. ಹೊಸದು ಬೇಡವೆಂದೆ.

ಅದೇ ಮಾತನ್ನು ಎಲ್ಲರಿಗೂ ಹೇಳಲಾರೆ. ಬೆಳಗಿನಿಂದ ಸಂಜೆಯವರೆಗೆ ಉಜ್ಜುವುದೊಂದೇ ಕೆಲಸವಾಗಿರುವ ಪೀಠೋಪಕರಣ ಘಟಕಗಳಿವೆ. ಅಲ್ಲಿ ಲೆಕ್ಕ ಬೇರೆಯಾಗುತ್ತದೆ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾ ರಾಜ್ಯದ ಬೆಡ್‌ಫರ್ಡಿನ ಸುಣ್ಣಕಲ್ಲಿನ ಗಣಿಗಳಿಗೆ ಹೋಗಿ, ಗಾಳಿಯ ಒತ್ತಡದ ಸುತ್ತಿಗೆ ಹಿಡಿದ ಕಲ್ಲುಕುಟಿಗರ ಕೈಗಳನ್ನು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ರಕ್ತ ಬತ್ತಿ ಬಿಳಿಚಿ, ಮರಗಟ್ಟುತ್ತಿದ್ದವು. ಕಂಪನದಿಂದ ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳಿಗೆ ಆಗುವ ಹಾನಿ ಅದು. ಸ್ಯಾಂಡರಿನ ಕಂಪನ ಕಲ್ಲಿನ ಸುತ್ತಿಗೆಯಷ್ಟಲ್ಲ, ಆದರೆ ಗಂಟೆಗಳು ಕೂಡುತ್ತ ಹೋಗುತ್ತವೆ.

ಯುರೋಪಿನ 2002ರ ನಿಯಮದಲ್ಲಿ ಇದಕ್ಕೊಂದು ಲೆಕ್ಕವಿದೆ. ಯಂತ್ರದ ಕಂಪನವನ್ನು ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಬಳಕೆಯ ಪುಸ್ತಿಕೆಯಲ್ಲಿ ಅಚ್ಚಾಗಿರುತ್ತದೆ. 8 ಗಂಟೆಯ ದಿನಕ್ಕೆ ಸರಾಸರಿ 2.5 ದಾಟಿದರೆ ಮಾಲೀಕ ಕ್ರಮ ಕೈಗೊಳ್ಳಬೇಕು, 5 ದಾಟಲೇಕೂಡದು. ಇಲ್ಲಿ ಗಮನಿಸಬೇಕಾದದ್ದು, ಲೆಕ್ಕ ವರ್ಗದಲ್ಲಿ ಏರುತ್ತದೆ. ಪುಸ್ತಿಕೆಯಲ್ಲಿ 2.5 ಎಂದಿರುವ ಯಂತ್ರವನ್ನು ದಿನವಿಡೀ ಹಿಡಿದರೆ ಆ ಮೊದಲ ಗೆರೆ ಮುಟ್ಟುತ್ತೀರಿ. 3.5 ಎಂದಿದ್ದರೆ 4 ಗಂಟೆಗೇ ಮುಟ್ಟುತ್ತೀರಿ. 5 ಎಂದಿದ್ದರೆ 2 ಗಂಟೆಗೆ. ಹಾಗಾದರೆ ದಿನಕ್ಕೆ ನಾಲ್ಕು ಗಂಟೆ ಉಜ್ಜುವವನ ಕೈಯಲ್ಲಿ 5ರ ಯಂತ್ರ ಇಡುವುದೂ 3.5ರ ಯಂತ್ರ ಇಡುವುದೂ ಒಂದೇ ಅಲ್ಲ. ಅಲ್ಲಿ ಹೊಸದಕ್ಕೆ ಹಾಕುವ ಹಣ ನ್ಯಾಯವಾದದ್ದು, ಹಳೆಯದು ಎಷ್ಟೇ ಚೆನ್ನಾಗಿ ಓಡುತ್ತಿರಲಿ.

ಒಂದು ಎಚ್ಚರಿಕೆ. ಹದಿನೈದಿಪ್ಪತ್ತು ವರ್ಷ ಹಿಂದಿನ ಪುಸ್ತಿಕೆಯ ಅಂಕಿಯನ್ನೂ ಇಂದಿನದನ್ನೂ ಪಕ್ಕಪಕ್ಕ ಇಟ್ಟು ತೂಗಬೇಡಿ. ಆಗ ಕಂಪನವನ್ನು ಒಂದೇ ದಿಕ್ಕಿನಲ್ಲಿ ಅಳೆದು ಬರೆಯುತ್ತಿದ್ದರು. ಈಗ ಮೂರು ದಿಕ್ಕಿನದನ್ನೂ ಕೂಡಿಸಿ ಬರೆಯುತ್ತಾರೆ. ಹಳೆಯ ಪುಸ್ತಿಕೆಯಲ್ಲಿ ಅಂಕಿ ಚಿಕ್ಕದಿದ್ದರೆ ಹಳೆಯ ಯಂತ್ರವೇ ಮೃದುವಾಗಿತ್ತು ಎಂದರ್ಥವಲ್ಲ.

ಇನ್ನು ಶಿಷ್ಯ ಕೇಳಿದ ಬ್ರಷ್‌ಲೆಸ್ ಯಂತ್ರಗಳು. ಅವು ನಿಜಕ್ಕೂ ಒಳ್ಳೆಯವು. ತೂಕ ಸುಮಾರು ಒಂದು ಕಿಲೋ, ಎತ್ತರ ಕಡಿಮೆ, ಹಾಗಾಗಿ ಅಂಗೈ ಮರಕ್ಕೆ ಹತ್ತಿರ ಇರುತ್ತದೆ, ಮಣಿಕಟ್ಟು ಹೊರಳುವುದಿಲ್ಲ. ಒತ್ತಿದರೂ ವೇಗ ಬೀಳದಂತೆ ಒಳಗಿನ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. ಕಾರ್ಬನ್ ಬ್ರಷ್ ಇಲ್ಲ, ಅದು ಸವೆಯುವ ಮಾತೂ ಇಲ್ಲ. ಆದರೆ ಬೆಲೆ ಮಾಮೂಲಿಯ ನಾಲ್ಕೈದು ಪಟ್ಟು. ಆ ಎಲೆಕ್ಟ್ರಾನಿಕ್ ಬೋರ್ಡು ಹೋದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರಿಪೇರಿ ಮಾಡುವವರಿಲ್ಲ. ಹಳೆಯದರ ಆರ್ಮೇಚರ್ ಸುಟ್ಟರೆ ಬಸ್‌ಸ್ಟ್ಯಾಂಡ್ ಹತ್ತಿರದ ವೈಂಡಿಂಗ್ ಅಂಗಡಿಯಲ್ಲಿ ಮತ್ತೆ ಸುತ್ತಿಕೊಡುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಆರ್ಮೇಚರೇ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟು ಏರಿಳಿಯುವ ಊರಿನವರು ಇದನ್ನು ತೂಗಿ ನೋಡಬೇಕು. ಬ್ರಷ್‌ಲೆಸ್ ಕೊಳ್ಳುವುದೇ ಆದರೆ ಸ್ಟೆಬಿಲೈಸರಿನ ದುಡ್ಡನ್ನೂ ಜೊತೆಗೆ ಲೆಕ್ಕ ಹಿಡಿಯಿರಿ.

ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಿ, ಒಂದು ಹಲಗೆ ಒಯ್ದು ಅಲ್ಲೇ ಉಜ್ಜಿ ನೋಡಿ. ಹಲಗೆಯ ಮೇಲೆ ಪೆನ್ಸಿಲಿನಿಂದ ಅಡ್ಡ ಉದ್ದ ಗೆರೆ ಎಳೆದು ಬಲೆಯಂತೆ ಮಾಡಿ. ಒಂದರ್ಧಕ್ಕೆ ನಿಮ್ಮ ಹಳೆಯ ಯಂತ್ರ, ಇನ್ನರ್ಧಕ್ಕೆ ಹೊಸದು. ಎರಡಕ್ಕೂ ಹೊಚ್ಚ ಹೊಸ 120 ನಂಬರಿನ ಕಾಗದ. ಕೈ ಒತ್ತದೆ, ಯಂತ್ರದ ತೂಕಕ್ಕೇ ಬಿಟ್ಟು, ಗೆರೆ ಮಾಯವಾಗುವವರೆಗೆ ಓಡಿಸಿ ಗಡಿಯಾರ ನೋಡಿ. ಆಮೇಲೆ ಒದ್ದೆ ಬಟ್ಟೆ ಒರೆಸಿ, ಓರೆ ಬೆಳಕಿನಲ್ಲಿ ಗೀರು ಹುಡುಕಿ. ಬಹುಪಾಲು ಸಲ, ಹೊಸ ಕಾಗದ ಹಾಕಿದ ಹಳೆಯ ಯಂತ್ರ ಹೊಸದರ ಸಮಕ್ಕೆ ಬಂದು ನಿಲ್ಲುವುದನ್ನು ನೋಡಿದ್ದೇನೆ. ಅದುವರೆಗೆ ನಿಧಾನವಾಗಿದ್ದದ್ದು ಯಂತ್ರವಲ್ಲ, ಕಾಗದ. ಮೊಂಡಾದ ಕಾಗದವನ್ನು ‘ಇನ್ನೊಂದು ಬಾಗಿಲಿಗೆ ಬರುತ್ತದೆ’ ಎಂದು ಒತ್ತಿ ಉಜ್ಜುತ್ತಾರೆ. ಬಿಸಿಗೆ ಪ್ಯಾಡಿನ ವೆಲ್ಕ್ರೋ ಕೊಕ್ಕೆಗಳು ಕರಗಿ ಮಲಗುತ್ತವೆ, ಕಾಗದ ಹಾರಿ ಹೋಗುತ್ತದೆ, ಪ್ಯಾಡೂ ಹಾಳು.

ನಂಬರಿನ ಕ್ರಮವನ್ನೂ ಹೇಳಿಬಿಡುತ್ತೇನೆ. 80ರ ಕಾಗದದ ಕಣ ಸುಮಾರು 200 ಮೈಕ್ರಾನ್, 120ರದ್ದು 125, 180ರದ್ದು 82. ಒಂದರ ಗೀರನ್ನು ಮುಂದಿನದು ಅಳಿಸಬೇಕು. 80ರಿಂದ ನೇರವಾಗಿ 180ಕ್ಕೆ ಹಾರಿದರೆ ಯಾವ ಯಂತ್ರವೂ ಆ ಆಳದ ಗೀರನ್ನು ಮುಚ್ಚಲಾರದು.

ದುಡ್ಡಿನ ದಾರಿ ಹುಡುಕುವವರಿಗೆ ಪಿಎಂ ವಿಶ್ವಕರ್ಮ ಯೋಜನೆ ಗೊತ್ತಿರಲಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದದ್ದು. ಬಡಗಿಗಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ತರಬೇತಿಯ ಜೊತೆ ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಅಡಮಾನವಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿ ಸಾಲ, ಶೇಕಡ 5ರ ಬಡ್ಡಿ. ಆ ಹಣದಲ್ಲಿ ಸ್ಯಾಂಡರ್ ಕೊಳ್ಳುವ ಆಲೋಚನೆಯಿದ್ದರೆ ನನ್ನ ಸಲಹೆ ಇಷ್ಟೇ: ದುಬಾರಿ ಸ್ಯಾಂಡರ್ ಒಂದನ್ನೇ ತರುವ ಬದಲು ಮಧ್ಯಮ ಬೆಲೆಯದನ್ನೂ ಒಳ್ಳೆಯ ವ್ಯಾಕ್ಯೂಮನ್ನೂ ಸೇರಿಸಿ ತನ್ನಿ. ನಾಳೆ ಸ್ಯಾಂಡರ್ ಬದಲಿಸಿದರೂ ಆ ವ್ಯಾಕ್ಯೂಮ್ ಉಳಿಯುತ್ತದೆ. ರೂಟರಿಗೂ ಕಟರಿಗೂ ಅದನ್ನೇ ಜೋಡಿಸಬಹುದು.

ಕೊನೆಗೆ, ಬದಲಿಸಿದ ಮೇಲೆ ಹಳೆಯದು ಎಲ್ಲಿಗೆ ಹೋಗುತ್ತದೆ ಎಂಬುದು. ಆಯುಧಪೂಜೆಗೆ ಅರಿಸಿನ ಕುಂಕುಮ ಹಚ್ಚಿದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಅದು ಸಹಜ. ಹಾಗಾಗಿ ಬಹಳ ಅಂಗಡಿಗಳಲ್ಲಿ ಮಾಲೀಕ ಹೊಸದನ್ನು ಹಿಡಿಯುತ್ತಾನೆ, ಹಳೆಯದು ಕೆಲಸ ಕಲಿಯಲು ಬಂದ ಹುಡುಗನ ಕೈಗೆ ಹೋಗುತ್ತದೆ. ಧೂಳು ಕಾರುತ್ತದೆ, ಕೈ ನಡುಗಿಸುತ್ತದೆ ಎಂದು ನಾವು ಬಿಟ್ಟ ಯಂತ್ರವೇ ಅದು. ಹದಿನೆಂಟು ವರ್ಷದ ಆ ಹುಡುಗನ ಮುಂದೆ ಇನ್ನೂ ನಲವತ್ತು ವರ್ಷದ ವೃತ್ತಿಯಿದೆ. ಮೂಗಿನ ಆ ಕಾಯಿಲೆ ಬರುವುದೂ ಅಷ್ಟೇ ವರ್ಷಗಳ ಮೇಲೆ. 1948ರ ಕಾರ್ಖಾನೆ ಕಾಯ್ದೆಯ 14ನೇ ಕಲಂ ಧೂಳು ಹೊರಹಾಕುವ ವ್ಯವಸ್ಥೆಯನ್ನು ಮಾಲೀಕನ ಹೊಣೆ ಮಾಡಿತ್ತು. ಆದರೆ ಮೂರು ನಾಲ್ಕು ಜನರ ಬಡಗಿ ಅಂಗಡಿ ಕಾರ್ಖಾನೆ ಎನಿಸಿಕೊಳ್ಳುವುದೇ ಇಲ್ಲ. ಅಲ್ಲಿಗೆ ತಪಾಸಣೆಗೆ ಬರುವವರೂ ಇಲ್ಲ. ಹುಡುಗನ ಬಗ್ಗೆ ಯೋಚಿಸಬೇಕಾದವರು ನಾವೇ.

ಹಳೆಯದನ್ನು ಹುಡುಗನಿಗೆ ಕೊಡುವುದಾದರೆ ಬೇರಿಂಗ್, ಪ್ಯಾಡು, ಬ್ರೇಕ್ ರಿಂಗ್ ಬದಲಿಸಿ, ವ್ಯಾಕ್ಯೂಮಿನ ಪೈಪು ಜೋಡಿಸಿ, ಒಂದು ಡಬ್ಬಿ ಮಾಸ್ಕ್ ಜೊತೆಗಿಟ್ಟು ಕೊಡಿ. ಅಷ್ಟು ಮಾಡಲು ಬಾರದಷ್ಟು ಅದು ಸವೆದಿದ್ದರೆ ಪ್ಲಗ್ಗಿನ ವೈರನ್ನು ಮೈಯ ಹತ್ತಿರಕ್ಕೇ ಕತ್ತರಿಸಿ, ಇನ್ಯಾರೂ ಎತ್ತಿಕೊಂಡು ಓಡಿಸದ ಹಾಗೆ ಮಾಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ.